ಶಾಲೆಯ ಬಾಗಿಲಲ್ಲಿ ಪೊಲೀಸರು



ಕಳೆದ ತಿಂಗಳು ಟೆಕ್ಸಾಸಿನಲ್ಲಿರುವ ಮಗಳು ದೂರವಾಣಿಯಲ್ಲಿ ಮಾತನಾಡುತ್ತಾ, ತನ್ನ ಮಗನ ಶಾಲೆಯಲ್ಲಿ ಈಗ ಬಂದೂಕುಧಾರಿ ಪೊಲೀಸ್ ಅಧಿಕಾರಿಯೊಬ್ಬರು ದಿನವಿಡೀ ಇರುತ್ತಾರೆಂದು ಹೇಳಿದಳು. ಆಕೆಯ ಧ್ವನಿಯಲ್ಲಿ ಸಮಾಧಾನವಿತ್ತೋ ಆತಂಕವಿತ್ತೋ ನನಗೆ ಸರಿಯಾಗಿ ತಿಳಿಯಲಿಲ್ಲ. ಪ್ರಾಯಶಃ ಎರಡೂ ಇದ್ದವು. ಅಷ್ಟರಲ್ಲಿ ಮೊಮ್ಮಗನೇ ಫೋನು ಕಸಿದುಕೊಂಡು, “ಅಜ್ಜ, ಅವರು ತುಂಬಾ ಒಳ್ಳೆಯವರು. ದಿನಾ ನಮ್ಮ ಕೈಗೆ ಕೈ ತಟ್ಟಿ ಒಳಗೆ ಬಿಡ್ತಾರೆ. ನಿಮ್ಮ ಶಾಲೆಯಲ್ಲೂ ಪೊಲೀಸ್ ಇದ್ದರಾ?” ಎಂದು ಕೇಳಿದ. “ಇಲ್ಲ ಮಗು, ಇರಲಿಲ್ಲ” ಎಂದೆ. ಆ ಉತ್ತರ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಫೋನು ಇಟ್ಟ ಮೇಲೆ ಅದು ನನ್ನನ್ನು ಕಾಡತೊಡಗಿತು. ಅದರ ವಿಚಾರವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಮೂವತ್ತೆರಡು ವರ್ಷ ಇತಿಹಾಸ ಪಾಠ ಮಾಡಿದವನ ಅಭ್ಯಾಸದಂತೆ, ಈ ಪದ್ಧತಿ ಎಲ್ಲಿಂದ ಬಂತೆಂಬುದನ್ನು ನೋಡೋಣ.

ಶಾಲೆಗೆಂದೇ ಪೊಲೀಸರನ್ನು ನೇಮಿಸುವುದು ಅಮೆರಿಕದಲ್ಲಿ ತೀರ ಹೊಸತಲ್ಲ. ಇಂಡಿಯಾನಾಪೊಲಿಸ್ ನಗರ 1939ರಲ್ಲಿಯೇ ತನ್ನ ಶಾಲೆಗಳಿಗಾಗಿ ವಿಶೇಷ ತನಿಖಾಧಿಕಾರಿಯನ್ನು ಇಟ್ಟುಕೊಂಡಿತ್ತು. ಲಾಸ್ ಏಂಜಲೀಸಿನಲ್ಲಿ 1948ರಲ್ಲಿ ಆರಂಭವಾದ ಭದ್ರತಾ ವಿಭಾಗ ಮುಂದೆ ಒಂದು ಪ್ರತ್ಯೇಕ ಶಾಲಾ ಪೊಲೀಸ್ ಇಲಾಖೆಯಾಗಿಯೇ ಬೆಳೆಯಿತು. ಆದರೆ ಇಂದಿನ ಪದ್ಧತಿಯ ತವರೆಂದು ಸಾಮಾನ್ಯವಾಗಿ ಹೇಳುವುದು ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣವನ್ನು. ಜನರಲ್ ಮೋಟಾರ್ಸ್ ಕಾರುಗಳ ಊರದು. ಅಲ್ಲಿಯ ಮಾಟ್ ಪ್ರತಿಷ್ಠಾನ ಶಾಲೆಗಳನ್ನು ಇಡೀ ಬಡಾವಣೆಯ ಕೇಂದ್ರಗಳನ್ನಾಗಿ ಮಾಡಬೇಕೆಂದು ಹಣ ವೆಚ್ಚ ಮಾಡುತ್ತಿತ್ತು. 1958ರಲ್ಲಿ ಅದೇ ಉತ್ಸಾಹದ ಭಾಗವಾಗಿ ಪೊಲೀಸ್ ಅಧಿಕಾರಿಯೊಬ್ಬರನ್ನು ಜೂನಿಯರ್ ಹೈಸ್ಕೂಲಿಗೆ ಕಳುಹಿಸಲಾಯಿತು. ಉದ್ದೇಶ ಮಕ್ಕಳನ್ನು ಹಿಡಿಯುವುದಾಗಿರಲಿಲ್ಲ. ದಾರಿ ತಪ್ಪುವ ಲಕ್ಷಣವುಳ್ಳ ಮಗುವನ್ನು ಮೊದಲೇ ಗುರುತಿಸಿ, ಶಿಕ್ಷಕರು, ಸಲಹೆಗಾರರು, ದಾದಿ ಎಲ್ಲರೂ ಸೇರಿ ಅವನನ್ನು ನ್ಯಾಯಾಲಯದ ಮೆಟ್ಟಿಲಿನಿಂದ ದೂರವಿಡುವುದಾಗಿತ್ತು. ಪೊಲೀಸರೆಂದರೆ ಭಯಪಡುವ ಮಕ್ಕಳಿಗೆ ಪೊಲೀಸರು ಸ್ನೇಹಿತರಾಗಿ ಕಾಣಲಿ ಎಂಬ ಆಸೆಯೂ ಇತ್ತು. ಆಲೋಚನೆ ಒಳ್ಳೆಯದೇ. 1960ರ ದಶಕದಲ್ಲಿ ಅರಿಜೋನಾದ ಟೂಸಾನ್ ಮೊದಲಾದ ನಗರಗಳು ಇದನ್ನು ಅನುಸರಿಸಿದವು.

ಮುಂದೆ ಇದಕ್ಕೊಂದು ಸಿದ್ಧಾಂತವೂ ರೂಪುಗೊಂಡಿತು. ‘ಸ್ಕೂಲ್ ರಿಸೋರ್ಸ್ ಆಫೀಸರ್’ ಎನಿಸಿಕೊಂಡ ಈ ಅಧಿಕಾರಿ ಏಕಕಾಲಕ್ಕೆ ಮೂವರಾಗಿರಬೇಕಂತೆ: ಪಾಠ ಹೇಳುವ ಗುರು, ಕಷ್ಟ ಕೇಳುವ ಸಲಹೆಗಾರ, ಕಾನೂನು ಪಾಲಿಸುವ ಪೊಲೀಸ್. ನಾನು ಇದನ್ನು ಓದಿದಾಗ ನಕ್ಕುಬಿಟ್ಟೆ. ತರಗತಿಯ ಮೇಷ್ಟರಾಗಿ ಮಗುವಿನ ಮನೆಯ ಗುಟ್ಟನ್ನು ಕೇಳಿಸಿಕೊಳ್ಳುವುದಕ್ಕೂ, ಅದೇ ಮಗುವಿನ ಕೈಗೆ ಬೆತ್ತದ ಏಟು ಕೊಡುವುದಕ್ಕೂ ಹೊಂದಾಣಿಕೆ ಮಾಡಲಾರದೆ ನಾವೇ ಸೋತಿದ್ದೇವೆ. ಇನ್ನು ಸೊಂಟದಲ್ಲಿ ಬೇಡಿ ಕಟ್ಟಿಕೊಂಡಿರುವವರ ಪಾಡೇನು? ಹದಿಮೂರರ ಹುಡುಗ ಸಲಹೆಗಾರನೆಂದು ನಂಬಿ ಹೇಳಿದ ಮಾತು ಸಂಜೆಯ ಹೊತ್ತಿಗೆ ಪೊಲೀಸ್ ವರದಿಯಲ್ಲಿ ಬರೆಯಲ್ಪಟ್ಟರೆ ಅವನು ಯಾರನ್ನು ದೂರಬೇಕು?

ಫ್ಲಿಂಟಿನ ಪ್ರಯೋಗಕ್ಕೆ ಒಂದು ವರ್ಷ ಮೊದಲು ನಡೆದ ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯದಿದ್ದರೆ ಕಥೆ ಅಪೂರ್ಣ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ನೆನಪಿರಬಹುದು, ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ ನಾನು ಪ್ರತಿವರ್ಷ ಹೇಳುತ್ತಿದ್ದೆ. ಕರಿಯ ಮತ್ತು ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆಗಳಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪಿತ್ತಿತು. ಅದರಂತೆ 1957ರ ಸೆಪ್ಟೆಂಬರ್ 4ರಂದು ಅರ್ಕಾನ್ಸಾ ರಾಜ್ಯದ ಲಿಟ್ಲ್ ರಾಕ್ ನಗರದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಹೊರಟರು. ಎಲ್ಲರೂ ಕೂಡಿ ಹೋಗುವುದೆಂದು ನಿಶ್ಚಯವಾಗಿತ್ತು. ಎಲಿಜಬೆತ್ ಎಕ್‌ಫರ್ಡ್ ಎಂಬ ಹದಿನೈದರ ಹುಡುಗಿಯ ಮನೆಯಲ್ಲಿ ದೂರವಾಣಿ ಇರಲಿಲ್ಲವಾದ್ದರಿಂದ ಆ ಸುದ್ದಿ ಆಕೆಗೆ ತಲುಪಲಿಲ್ಲ. ಆಕೆ ಒಬ್ಬಳೇ ಹೋದಳು. ಶಾಲೆಯ ಸುತ್ತ ನ್ಯಾಷನಲ್ ಗಾರ್ಡ್ ಸೈನಿಕರು ನಿಂತಿದ್ದರು. ತನ್ನನ್ನು ಕಾಪಾಡಲು ಬಂದವರೆಂದು ತಿಳಿದು ಹತ್ತಿರ ಹೋದರೆ ಅವರು ಬಂದೂಕು ಅಡ್ಡಹಿಡಿದರು. ಗವರ್ನರ್ ಆರ್ವಲ್ ಫಾಬಸ್ ಅವರನ್ನು ನಿಲ್ಲಿಸಿದ್ದು ಆ ಮಕ್ಕಳನ್ನು ಒಳಗೆ ಬಿಡದಿರಲಿಕ್ಕೆ. ಹಿಂದೆ ಕಿರುಚುವ ಗುಂಪು, ಮುಂದೆ ಬಂದೂಕು, ನಡುವೆ ಪುಸ್ತಕ ಹಿಡಿದ ಹುಡುಗಿ. ಆ ಛಾಯಾಚಿತ್ರ ಜಗತ್ತನ್ನೆಲ್ಲ ಸುತ್ತಿತು.

ಸೆಪ್ಟೆಂಬರ್ 24ರಂದು ಅಧ್ಯಕ್ಷ ಐಸೆನ್‌ಹೋವರ್ ಸೇನೆಯ 101ನೇ ವಾಯುಗಾಮಿ ದಳವನ್ನು ಕಳುಹಿಸಿದರು. ಅರ್ಕಾನ್ಸಾದ ನ್ಯಾಷನಲ್ ಗಾರ್ಡನ್ನು ರಾಜ್ಯದ ಕೈಯಿಂದ ಕೇಂದ್ರದ ಕೈಗೆ ತೆಗೆದುಕೊಂಡರು. ಮರುದಿನ ಒಂಬತ್ತು ಮಕ್ಕಳು ಸೈನಿಕರ ಬೆಂಗಾವಲಿನಲ್ಲಿ ಶಾಲೆಯ ಮೆಟ್ಟಿಲೇರಿದರು. ಕೆಲವು ವಾರಗಳ ಬಳಿಕ ಸೇನಾದಳ ಹಿಂದೆ ಸರಿದಾಗ ಆ ಮಕ್ಕಳನ್ನು ಕಾಯುವ ಹೊಣೆ ಬಿದ್ದದ್ದು ಯಾರ ಮೇಲೆ ಬಲ್ಲಿರಾ? ಮೊದಲ ದಿನ ಅಡ್ಡಗಟ್ಟಿದ ಅದೇ ನ್ಯಾಷನಲ್ ಗಾರ್ಡಿನ ಮೇಲೆ! ಅದೇ ಸಮವಸ್ತ್ರ, ಅದೇ ಬಂದೂಕು. ಬದಲಾದದ್ದು ಆಜ್ಞೆ ಮಾತ್ರ. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸಿನಲ್ಲಿ ಆರು ವರ್ಷದ ರೂಬಿ ಬ್ರಿಡ್ಜಸ್ ಎಂಬ ಮಗುವನ್ನು ಕೇಂದ್ರದ ಮಾರ್ಷಲ್‌ಗಳು ಶಾಲೆಗೆ ಕರೆದೊಯ್ದರು. ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಹೊರಗೆಳೆದುಕೊಂಡರು. ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ ಆ ವರ್ಷವಿಡೀ ಖಾಲಿ ತರಗತಿಯಲ್ಲಿ ಆ ಒಂದೇ ಮಗುವಿಗೆ ಪಾಠ ಹೇಳಿದರು. ಮಾರ್ಷಲ್‌ಗಳ ಕೆಲಸ ದೊಡ್ಡದು, ಒಪ್ಪುತ್ತೇನೆ. ಆದರೆ ಶಿಕ್ಷಕನಾಗಿ ನನ್ನ ಕಣ್ಣು ಯಾವಾಗಲೂ ಆ ತರಗತಿಯ ಒಳಗೇ ನಿಲ್ಲುತ್ತದೆ.

ಆದುದರಿಂದ ಶಾಲೆಯ ಬಾಗಿಲಲ್ಲಿ ಪೊಲೀಸ್ ನಿಂತರೆ ಕೆಟ್ಟದ್ದೆಂದು ಒಂದೇ ಮಾತಿನಲ್ಲಿ ಹೇಳಿಬಿಡಲು ಇತಿಹಾಸ ಬಿಡುವುದಿಲ್ಲ. ಬಾಗಿಲ ಹೊರಗೆ ನಿಂತವರು ಬಾಗಿಲ ಒಳಗೆ ಬಂದ ಮೇಲೆ ಏನಾಯಿತೆಂಬುದೇ ಮುಂದಿನ ಪ್ರಶ್ನೆ.

1970ರ ದಶಕದ ನಡುವಿನಲ್ಲಿ ಪೊಲೀಸರಿದ್ದ ಶಾಲೆಗಳು ನೂರಕ್ಕೆ ಒಂದರಷ್ಟೇ. 2015–16ರ ಹೊತ್ತಿಗೆ ಸರ್ಕಾರಿ ಶಾಲೆಗಳಲ್ಲಿ ನೂರಕ್ಕೆ 42ರಲ್ಲಿ ವಾರಕ್ಕೊಂದು ದಿನವಾದರೂ ಇಂಥ ಅಧಿಕಾರಿ ಇರುತ್ತಿದ್ದರು. ಈ ಜಿಗಿತಕ್ಕೆ ಮುಖ್ಯವಾಗಿ 1990ರ ದಶಕ ಕಾರಣ. ಬಾಲಾಪರಾಧ ಮಿತಿಮೀರಿ ಬೆಳೆಯುತ್ತಿದೆ, ಕರುಣೆಯೇ ಅರಿಯದ ಹೊಸ ಪೀಳಿಗೆಯೊಂದು ಬರುತ್ತಿದೆಯೆಂದು ವಿದ್ವಾಂಸರೇ ಭಯ ಹುಟ್ಟಿಸಿದರು. ವಾಸ್ತವದಲ್ಲಿ ಅದೇ ದಶಕದ ಮಧ್ಯದಿಂದ ಬಾಲಾಪರಾಧ ಇಳಿಯತೊಡಗಿತ್ತು! 1994ರಲ್ಲಿ ಬಂದ ಕೇಂದ್ರ ಕಾನೂನೊಂದು ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷ ಹೊರಹಾಕಬೇಕೆಂದು ವಿಧಿಸಿತು. ಅದು ಸರಿಯೇ. ಆದರೆ ‘ಕಿಂಚಿತ್ತೂ ಸಹಿಸೆವು’ ಎಂಬ ಆ ಮನೋಭಾವ ಬಂದೂಕಿನಿಂದ ಜಗಳಕ್ಕೆ, ಜಗಳದಿಂದ ಎದುರುಮಾತಿಗೆ ಹಬ್ಬಿತು. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದ ಬಳಿಕ ಕೇಂದ್ರ ಸರ್ಕಾರ ಹಣದ ಹೊಳೆ ಹರಿಸಿತು. ಕೆಲವೇ ವರ್ಷಗಳಲ್ಲಿ 75 ಕೋಟಿ ಡಾಲರಿಗೂ ಮಿಕ್ಕಿ ಅನುದಾನ, 6,500ಕ್ಕೂ ಹೆಚ್ಚು ಅಧಿಕಾರಿಗಳ ನೇಮಕ. ಕೊಲಂಬೈನಿನಲ್ಲಿ ಅಂದೂ ಒಬ್ಬ ಶಾಲಾ ಪೊಲೀಸ್ ಅಧಿಕಾರಿ ಇದ್ದರು, ದೂರದಿಂದ ಗುಂಡು ಹಾರಿಸಿಯೂ ಇದ್ದರು, ಆದರೂ ತಡೆಯಲಾಗಲಿಲ್ಲವೆಂಬುದು ಆ ಗದ್ದಲದಲ್ಲಿ ಮುಳುಗಿಹೋಯಿತು.

ಪರಿಣಾಮ? ಜಾರ್ಜಿಯಾ ರಾಜ್ಯದ ಕ್ಲೇಟನ್ ಕೌಂಟಿಯ ಉದಾಹರಣೆ ಸಾಕು. ಶಾಲೆಗಳಿಗೆ ಪೊಲೀಸರು ಬರುವ ಮೊದಲು, 1990ರ ದಶಕದ ಮಧ್ಯದಲ್ಲಿ, ಅಲ್ಲಿಯ ಶಾಲೆಗಳಿಂದ ಬಾಲ ನ್ಯಾಯಾಲಯಕ್ಕೆ ವರ್ಷಕ್ಕೆ ಐವತ್ತರೊಳಗೆ ಪ್ರಕರಣಗಳು ಬರುತ್ತಿದ್ದವು. 2004ರ ಹೊತ್ತಿಗೆ ಅದು ಸಾವಿರ ದಾಟಿತು. ಮಕ್ಕಳು ಹತ್ತು ವರ್ಷದಲ್ಲಿ ಇಪ್ಪತ್ತು ಪಟ್ಟು ಕೆಟ್ಟುಹೋದರೇ? ಇಲ್ಲ. ಮುಂಚೆ ಹೆಡ್ಮಾಸ್ಟರರ ಕೋಣೆಯಲ್ಲಿ ಮುಗಿಯುತ್ತಿದ್ದ ಕೈಕೈ ಮಿಲಾಯಿಸುವಿಕೆ, ಗಲಾಟೆ, ಅವಿಧೇಯತೆಗಳೆಲ್ಲ ಈಗ ಅಪರಾಧದ ಹೆಸರು ಪಡೆದಿದ್ದವು. ಸ್ಟೀವನ್ ಟೆಸ್ಕಿ ಎಂಬ ಬಾಲ ನ್ಯಾಯಾಧೀಶರು ಇದನ್ನು ಕಂಡು ಬೇಸತ್ತು, ಪೊಲೀಸರನ್ನೂ ಶಾಲೆಯವರನ್ನೂ ಒಟ್ಟಿಗೆ ಕೂರಿಸಿ 2004ರಲ್ಲಿ ಒಂದು ಒಪ್ಪಂದ ಮಾಡಿಸಿದರು: ಸಣ್ಣ ತಪ್ಪಿಗೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ತಿಳಿವಳಿಕೆಯ ತರಗತಿ, ಮೂರನೆಯ ಸಲ ಮಾತ್ರ ನ್ಯಾಯಾಲಯ. ಪ್ರಕರಣಗಳು ಧಿಡೀರನೆ ಇಳಿದವು; ಶಾಲೆ ಮುಗಿಸುವ ಮಕ್ಕಳ ಸಂಖ್ಯೆ ಏರಿತು. ಪೊಲೀಸರನ್ನು ತೆಗೆಯದೆಯೇ, ಅವರ ಕೆಲಸವೇನು ಎಂಬುದನ್ನು ಬರೆದಿಟ್ಟದ್ದರಿಂದಲೇ ಇದಾಯಿತೆಂಬುದನ್ನು ಗಮನಿಸಿ.

ದಕ್ಷಿಣ ಕೆರೊಲಿನಾದ ಸಂಗತಿ ಇನ್ನೂ ವಿಚಿತ್ರ. 1919ರಲ್ಲಿ, ಹೆಣ್ಣುಮಕ್ಕಳ ಕಾಲೇಜಿನ ಸುತ್ತ ಸುಳಿದಾಡುವ ಪುಂಡರನ್ನು ಓಡಿಸಲೆಂದು ಅಲ್ಲೊಂದು ಕಾನೂನು ಬಂದಿತ್ತು: ‘ಶಾಲೆಗೆ ತೊಂದರೆ ಕೊಡುವುದು’ ಅಪರಾಧ. ಕಾಲಕ್ರಮೇಣ ಅದೇ ಕಾನೂನು ಶಾಲೆಯ ವಿದ್ಯಾರ್ಥಿಗಳ ಮೇಲೆಯೇ ತಿರುಗಿತು. 2015ರ ಅಕ್ಟೋಬರಿನಲ್ಲಿ ಸ್ಪ್ರಿಂಗ್ ವ್ಯಾಲಿ ಹೈಸ್ಕೂಲಿನ ಗಣಿತ ತರಗತಿಯಲ್ಲಿ ಒಬ್ಬ ಕರಿಯ ಹುಡುಗಿ ಮೊಬೈಲ್ ವಿಚಾರದಲ್ಲಿ ಮಾತು ಕೇಳಲಿಲ್ಲ. ಶಿಕ್ಷಕರು ಮೇಲಧಿಕಾರಿಯನ್ನು ಕರೆದರು, ಕೊನೆಗೆ ಪೊಲೀಸ್ ಬಂದರು. ಅವರು ಆಕೆಯನ್ನು ಕುಳಿತ ಡೆಸ್ಕಿನ ಸಮೇತ ಹಿಂದಕ್ಕೆ ಕೆಡವಿ ನೆಲದ ಮೇಲೆ ಎಳೆದೆಸೆದರು. ಸಹಪಾಠಿಗಳು ಅದನ್ನು ಚಿತ್ರೀಕರಿಸಿದರು. ಪ್ರತಿಭಟಿಸಿ ಕೂಗಿದ ಇನ್ನೊಬ್ಬ ವಿದ್ಯಾರ್ಥಿನಿಯನ್ನೂ ಅದೇ ಕಾನೂನಿನಡಿ ಬಂಧಿಸಲಾಯಿತು. ಅಧಿಕಾರಿ ಕೆಲಸ ಕಳೆದುಕೊಂಡರು. 2018ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆ ದೃಶ್ಯವನ್ನು ನಾನೂ ಕಂಪ್ಯೂಟರಿನಲ್ಲಿ ನೋಡಿದೆ. ಒಂದು ಪಾಠದ ಅವಧಿಯಲ್ಲಿ ಮಾತು ಕೇಳದ ಮಕ್ಕಳು ನನಗೆಷ್ಟು ಮಂದಿ ಸಿಕ್ಕಿರಲಿಲ್ಲ! ಇದನ್ನು ಓದುತ್ತಿರುವ ಕೆಲವರೇ ಅದಕ್ಕೆ ಸಾಕ್ಷಿ. ಈ ಹೊರೆ ಎಲ್ಲ ಮಕ್ಕಳ ಮೇಲೆ ಸಮನಾಗಿ ಬಿದ್ದಿಲ್ಲವೆಂಬುದನ್ನೂ ಹೇಳಬೇಕು: 2015–16ರ ಸರ್ಕಾರಿ ಅಂಕಿಅಂಶದಂತೆ ಕರಿಯ ಮಕ್ಕಳು ಒಟ್ಟು ವಿದ್ಯಾರ್ಥಿಗಳಲ್ಲಿ ನೂರಕ್ಕೆ 15, ಪೊಲೀಸರಿಗೆ ಒಪ್ಪಿಸಲ್ಪಟ್ಟವರಲ್ಲಿ ಅಥವಾ ಬಂಧಿತರಲ್ಲಿ ನೂರಕ್ಕೆ 31.

ಹಾಗಾದರೆ ಗುಂಡಿನಿಂದ ರಕ್ಷಣೆಯಾದರೂ ದೊರೆಯಿತೇ? 2018ರ ಮೇ ತಿಂಗಳಲ್ಲಿ ಇಲಿನಾಯ್ಸಿನ ಡಿಕ್ಸನ್ ಹೈಸ್ಕೂಲಿನಲ್ಲಿ ಶಾಲಾ ಅಧಿಕಾರಿಯೊಬ್ಬರು ಬಂದೂಕುಧಾರಿಯನ್ನು ಎದುರಿಸಿ, ಮಕ್ಕಳಲ್ಲಿ ಯಾರಿಗೂ ಗಾಯವಾಗದಂತೆ ತಡೆದರು. ಆದರೆ ಅದೇ ವರ್ಷದ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡಿನಲ್ಲಿ 17 ಮಂದಿ ಸಾಯುವಾಗ ಅಲ್ಲಿಯ ಶಸ್ತ್ರಧಾರಿ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. ಅವರ ಮೇಲೆ ಮೊಕದ್ದಮೆ ಹೂಡಲಾಯಿತು. 2023ರಲ್ಲಿ ನಿರ್ದೋಷಿಯೆಂದು ತೀರ್ಪಾಯಿತು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹತರಾದರು. ಆ ಊರಿನ ಶಾಲೆಗಳಿಗೆ ಸ್ವಂತ ಪೊಲೀಸ್ ಇಲಾಖೆಯೇ ಇತ್ತು. ವಿವಿಧ ಇಲಾಖೆಗಳ 376 ಮಂದಿ ಬಂದು ಸೇರಿದರು. ಒಳಗೆ ನುಗ್ಗಲು 77 ನಿಮಿಷ ಹಿಡಿಯಿತು. ಶಾಲೆಗಳಲ್ಲಿ ಪೊಲೀಸರಿದ್ದರೆ ಹೊಡೆದಾಟಗಳು ಸ್ವಲ್ಪ ಕಡಿಮೆಯಾಗುತ್ತವೆ, ಗುಂಡಿನ ದಾಳಿಗಳು ಕಡಿಮೆಯಾದವೆಂದು ಕಾಣುವುದಿಲ್ಲ, ಅಮಾನತು ಮತ್ತು ಬಂಧನಗಳು ಹೆಚ್ಚುತ್ತವೆ ಎಂಬುದು 2021ರ ಸುಮಾರಿಗೆ ಬಂದ ಸಂಶೋಧನೆಗಳ ಸಾರ.

ಇಷ್ಟಾದರೂ ತಾಯ್ತಂದೆಯರ ಭಯವನ್ನು ಅಂಕಿಅಂಶ ಹೋಗಲಾಡಿಸದು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸಿನ ಪೊಲೀಸ್ ಅಧಿಕಾರಿಯೊಬ್ಬನಿಂದ ಜಾರ್ಜ್ ಫ್ಲಾಯ್ಡ್ ಹತನಾದ ಮೇಲೆ ಆ ನಗರದ ಶಾಲಾ ಮಂಡಳಿ ಪೊಲೀಸರೊಡನೆ ಒಪ್ಪಂದ ರದ್ದುಗೊಳಿಸಿತು. ಓಕ್‌ಲ್ಯಾಂಡ್, ಡೆನ್ವರ್ ನಗರಗಳೂ ಅದೇ ಹಾದಿ ಹಿಡಿದವು. 2023ರ ಮಾರ್ಚಿನಲ್ಲಿ ಡೆನ್ವರಿನ ಶಾಲೆಯೊಂದರಲ್ಲಿ ವಿದ್ಯಾರ್ಥಿಯೊಬ್ಬ ಇಬ್ಬರು ಸಿಬ್ಬಂದಿಯ ಮೇಲೆ ಗುಂಡು ಹಾರಿಸಿದ. ಕೆಲವೇ ತಿಂಗಳಲ್ಲಿ ಮಂಡಳಿ ಪೊಲೀಸರನ್ನು ಮರಳಿ ಕರೆಸಿಕೊಂಡಿತು. ಯುವಾಲ್ಡಿಯ ನಂತರ ಟೆಕ್ಸಾಸ್ 2023ರಲ್ಲಿ ಪ್ರತಿ ಶಾಲೆಗೂ ಒಬ್ಬ ಶಸ್ತ್ರಧಾರಿ ಅಧಿಕಾರಿ ಬೇಕೆಂದು ಕಾನೂನು ಮಾಡಿತು. ನನ್ನ ಮೊಮ್ಮಗನ ಕೈಗೆ ಕೈ ತಟ್ಟುವವರು ಹೀಗೆ ಬಂದವರು.

ನಮ್ಮಲ್ಲಿ ಶಾಲೆಗೆ ಪೊಲೀಸರನ್ನು ಖಾಯಂ ಆಗಿ ನಿಯೋಜಿಸುವ ವಾಡಿಕೆಯಿಲ್ಲ. ಕೇರಳದಲ್ಲಿ 2010ರಲ್ಲಿ ಆರಂಭವಾಗಿ 2018ರಲ್ಲಿ ರಾಷ್ಟ್ರಮಟ್ಟಕ್ಕೆ ಬಂದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯುಂಟು. ಕೇರಳದವರು ಶಾಲೆಯೊಳಗಿನ ಹೊಣೆಯನ್ನು ತರಬೇತಿ ಪಡೆದ ಶಿಕ್ಷಕರಿಗೇ ಒಪ್ಪಿಸಿದ್ದು ನನಗೆ ಮೆಚ್ಚುಗೆಯಾದ ಸಂಗತಿ. ಮಕ್ಕಳೊಡನೆ ವ್ಯವಹರಿಸುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವನ್ನು ಲಾಕಪ್ಪಿನಲ್ಲಿಡಬಾರದು, ಬೇಡಿ ತೊಡಿಸಬಾರದು ಎಂದು 2015ರ ಬಾಲ ನ್ಯಾಯ ಕಾಯಿದೆಯೂ ಅದರ ನಿಯಮಗಳೂ ಹೇಳುತ್ತವೆ.

ಇನ್ನು ಪೂರ್ತಿ ನಿಜ.

2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣವಿದೆ. ಉತ್ತರ ಕೆರೊಲಿನಾದ ಹದಿಮೂರು ವರ್ಷದ ಹುಡುಗ. ದಾಖಲೆಯಲ್ಲಿ ಹೆಸರಿಲ್ಲ, ಮೂರು ಅಕ್ಷರ ಮಾತ್ರ. ಸಮವಸ್ತ್ರದ ಅಧಿಕಾರಿ ಅವನನ್ನು ತರಗತಿಯಿಂದ ಎಬ್ಬಿಸಿ ಒಂದು ಕೋಣೆಗೆ ಕರೆದೊಯ್ದರು. ಬಾಗಿಲು ಮುಚ್ಚಿ, ಪೊಲೀಸರೂ ಶಾಲೆಯ ಆಡಳಿತದವರೂ ಸೇರಿ ಅರ್ಧ ಗಂಟೆಗೂ ಮಿಕ್ಕಿ ಕಳ್ಳತನದ ಬಗ್ಗೆ ಪ್ರಶ್ನಿಸಿದರು. ಅವನನ್ನು ಸಾಕುತ್ತಿದ್ದ ಅಜ್ಜಿಗೆ ತಿಳಿಸಲಿಲ್ಲ. ಎದ್ದು ಹೋಗಬಹುದೆಂದು ಅವನಿಗೆ ಹೇಳಿದ್ದು ಅವನು ಒಪ್ಪಿಕೊಂಡ ಮೇಲೆ. ಪೊಲೀಸರ ಮುಂದೆ ತಾನು ಸ್ವತಂತ್ರನೋ ಅಲ್ಲವೋ ಎಂಬುದನ್ನು ತೂಗುವಾಗ ಮಗುವಿನ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನ್ಯಾಯಾಲಯ 5–4ರ ಬಹುಮತದಿಂದ ಹೇಳಿತು. ಇದನ್ನು ಓದುವಾಗ ನನಗೆ ಬೇರೊಂದು ಬಾಗಿಲು ಕಣ್ಣ ಮುಂದೆ ಬಂತು.

1986ನೇ ಇಸವಿ. ನಾನಾಗ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಹತ್ತನೆಯ ತರಗತಿಯವರ ಪರೀಕ್ಷಾ ಶುಲ್ಕದ ಹಣ, ನಾನೂರು ಚಿಲ್ಲರೆ ರೂಪಾಯಿ, ಕಚೇರಿಯ ಮೇಜಿನಿಂದ ಕಾಣೆಯಾಯಿತು. ಮುಖ್ಯೋಪಾಧ್ಯಾಯರು ಗಾಬರಿಗೊಂಡು ಠಾಣೆಗೆ ಹೇಳಿಕಳುಹಿಸಿದರು. ದಫೇದಾರರೂ ಒಬ್ಬ ಪೇದೆಯೂ ಬಂದರು. ಕಚೇರಿಗೆ ಕುಡಿಯುವ ನೀರು ತಂದಿಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನ ಮೇಲೆ ಅನುಮಾನ. ಅವನ ತಂದೆ ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ನೀರು ತರುವ ಹುಡುಗರು ಇನ್ನೂ ಇಬ್ಬರಿದ್ದರು; ಅವರ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಾನು ಅವನ ತರಗತಿಯ ಉಪಾಧ್ಯಾಯ. ಕರೆತರಲು ನನಗೇ ಹೇಳಿದರು. “ಹೆಡ್ಮಾಸ್ಟರು ಕರೀತಿದಾರೆ, ಬಾರೋ” ಎಂದೆ. ಸೀಮೆಸುಣ್ಣದ ಪೆಟ್ಟಿಗೆ ಹೊರುವ ಕೆಲಸವೆಂದು ತಿಳಿದು ಅವನು ಓಡಿ ಬಂದ. ಕೋಣೆಯ ಬಾಗಿಲಲ್ಲಿ ಖಾಕಿಯನ್ನು ಕಂಡವನೇ ಹಿಂತಿರುಗಿ ನನ್ನ ಮುಖ ನೋಡಿದ. ನಾನು ಒಳಗೆ ಹೋಗೆಂದು ಕೈ ಮಾಡಿದೆ. ಬಾಗಿಲು ಮುಚ್ಚಿತು. ಒಳಗೆ ಹೊಡೆದ ಸದ್ದೇನೂ ಕೇಳಲಿಲ್ಲ. ಇದನ್ನು ಆ ದಫೇದಾರರ ಪರವಾಗಿ ಹೇಳಬೇಕು. ಮುಕ್ಕಾಲು ಗಂಟೆಯ ಮೇಲೆ ಹೊರಬಂದಾಗ ಹುಡುಗ ‘ಒಪ್ಪಿಕೊಂಡಿದ್ದ’. ಹಣ ಎಲ್ಲಿಟ್ಟೆಯೆಂಬುದಕ್ಕೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ. ಸೋಮವಾರ ಗುಮಾಸ್ತರು ಬೇರೊಂದು ರಿಜಿಸ್ಟರಿನ ರಟ್ಟಿನೊಳಗೆ ತಾವೇ ಇಟ್ಟು ಮರೆತಿದ್ದ ಲಕೋಟೆಯನ್ನು ಕಂಡರು. ಹಣ ಪೂರ್ತಿ ಇತ್ತು. ಠಾಣೆಯವರು ವಿಷಯವನ್ನು ಅಲ್ಲಿಗೇ ಬಿಟ್ಟರು.

ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ನಾನು ಎರಡು ಸಲ ಅವನ ಮನೆಗೆ ಹೋದೆ. ಮೊದಲ ಸಲ ಅವನು ಮನೆಯಲ್ಲಿದ್ದೂ ಹೊರಗೆ ಬರಲಿಲ್ಲ. ಎರಡನೆಯ ಸಲ ಅವನ ತಂದೆ ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, “ಬಿಡಿ ಮೇಷ್ಟ್ರೇ, ಶಿವಮೊಗ್ಗದಲ್ಲಿ ಗ್ಯಾರೇಜಿಗೆ ಸೇರಿಸಿದೀನಿ. ನಿಮಗ್ಯಾಕೆ ತೊಂದರೆ” ಎಂದರು. ನನ್ನನ್ನು ಬೈಯ್ಯಲಿಲ್ಲ. ಮರುವರ್ಷ ನನಗೆ ವರ್ಗವಾಯಿತು. ಆ ಹುಡುಗನಿಗೆ ಹಣ ಸಿಕ್ಕಿತೆಂದು ಯಾರಾದರೂ ಹೋಗಿ ಹೇಳಿದರೇ ಎಂಬುದನ್ನು ನಾನು ಕೇಳಲಿಲ್ಲ. ಅವನ ತಂದೆಗೆ ಹೇಳಿದೆ, ಅವನಿಗೇ ಹೇಳಲಿಲ್ಲ.

ಆ ವರ್ಷದ ಒಂಬತ್ತನೆಯ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಯಾರ ಮಾತೆಂದು ತಿಳಿದಿರುತ್ತದೆ. ಅವನಿಗೀಗ ಐವತ್ತು ದಾಟಿರಬೇಕು. ಎಲ್ಲಿದ್ದಾನೆಂಬುದು ಗೊತ್ತಿದ್ದರೆ ದಯವಿಟ್ಟು ನನಗೆ ಫೋನು ಮಾಡಿ ತಿಳಿಸಿ. ಹೆಸರನ್ನು ಮಾತ್ರ ಇಲ್ಲಿ ಬರೆಯಬೇಡಿ.